ಗಂಡಸಿಲ್ಲದ ಫ್ಯಾಮಿಲಿಗೆ ರೂಮಿಲ್ಲ

ಕಳೆದ ವಾರ ಅಂಗಡಿಯಲ್ಲಿ ಚಿಕ್ಕಪೇಟೆಯಿಂದ ಬಂದ ಬಂಡಲ್ ಬಿಚ್ಚುತ್ತಿದ್ದೆ. ಗೋಣಿಪಟ್ಟಿಯ ಹೊಲಿಗೆ ಕತ್ತರಿಸಿದ ಕೂಡಲೇ ಹೊಸ ಬಟ್ಟೆಯ ಗಂಜಿವಾಸನೆ, ಅದರ ಬೆನ್ನಿಗೆ ನುಸಿಗುಳಿಗೆಯ ವಾಸನೆ ಮೂಗಿಗೆ ಬಡಿಯಿತು. ಫ್ರಾಕುಗಳ ನಡುವೆ ಹಾಸಿದ್ದ ಪತ್ರಿಕೆಯ ಹಾಳೆಯಲ್ಲೊಂದು ಲೇಖನ. ಬೆಂಗಳೂರಿನ ವ್ಯಾಪಾರ ಕೇಂದ್ರದಲ್ಲಿ ಕುಟುಂಬದ ಜೊತೆ ತಂಗಲು ಹೋಟೆಲು ಆರಿಸಿಕೊಳ್ಳುವುದು ಹೇಗೆ ಎಂದು. ಮಕ್ಕಳಿಗೆ ಬೇರೆ ಮಂಚ ಉಂಟೇ, ಈಜುಕೊಳದ ಆಳವೆಷ್ಟು, ಬೆಳಗಿನ ತಿಂಡಿ ಬಾಡಿಗೆಯಲ್ಲೇ ಸೇರಿದೆಯೇ, ಕಿಟಕಿಯಿಂದ ಏನು ಕಾಣುತ್ತದೆ, ಇವನ್ನೆಲ್ಲ ಮೊದಲೇ ವಿಚಾರಿಸಿಕೊಳ್ಳಬೇಕಂತೆ. ಓದುತ್ತ ಓದುತ್ತ ನನಗೆ ಮೈಯೆಲ್ಲ ಉರಿಯಿತು. ಆರು ವರ್ಷದ ಹಿಂದೆ ಅದೇ ಊರಿನ ಅದೇ ಬೀದಿಗಳಲ್ಲಿ ನಾನೂ ಒಂದು ಪಟ್ಟಿ ಹಿಡಿದು ಹೋಟೆಲು ಹುಡುಕಿದ್ದೆ. ನನ್ನ ಪಟ್ಟಿಯ ಪ್ರಶ್ನೆಗಳೆಲ್ಲ ಕೊನೆಗೆ ಒಂದೇ: ಒಳಗೆ ಬಿಡುತ್ತೀರಾ?

ಅದು ೨೦೦೧. ನಾನು ಕೊಟ್ಟೂರಿನಲ್ಲಿ ಬಿ.ಕಾಂ. ಎರಡನೇ ವರ್ಷದಲ್ಲಿದ್ದೆ. ದಿನಚರಿ ಬರೆಯುವ ಚಟ ಒಂಬತ್ತನೇ ಕ್ಲಾಸಿನಿಂದಲೇ ಹತ್ತಿತ್ತು. ಮಳೆ ಯಾವತ್ತು ಬಂತು, ಕರೆಂಟು ಎಷ್ಟು ಸಲ ಹೋಯಿತು, ಅಂಗಡಿಗೆ ಎಷ್ಟು ಜನ ಬಂದು ಬರಿಗೈಲಿ ಹೋದರು, ಎಲ್ಲ ಬರೆದಿಡುತ್ತಿದ್ದೆ. ಆ ವರ್ಷದ ನೋಟ್‌ಬುಕ್ಕು ಈಗಲೂ ಇದೆ. ಹಾಗಾಗಿ ಇಲ್ಲಿ ಹೇಳುವ ಲೆಕ್ಕದಲ್ಲಿ ಸಿಟ್ಟಿಗೆ ಒಂದೂ ಹೆಚ್ಚಿಸಿಲ್ಲ.

ಬಜಾರಿನಲ್ಲಿ ಅಪ್ಪನ ರೆಡಿಮೇಡ್ ಬಟ್ಟೆ ಅಂಗಡಿ. ಹದಿನೆಂಟು ವರ್ಷ ಅಪ್ಪನೇ ಬೆಂಗಳೂರಿಗೆ ಹೋಗಿ ಮಾಲು ತಂದವನು. ಅವನದೊಂದು ಕಟ್ಟುನಿಟ್ಟು ಇತ್ತು: ಮೊದಲ ದಿನ ಕಣ್ಣು, ಎರಡನೇ ದಿನ ಕೈ. ಅಂದರೆ ಮೊದಲ ದಿನ ಇಡೀ ಚಿಕ್ಕಪೇಟೆ, ಮಾಮೂಲುಪೇಟೆ ಸುತ್ತಿ ಬರೀ ನೋಡುವುದು; ಒಂದು ಕರವಸ್ತ್ರವನ್ನೂ ಕೊಳ್ಳುವಂತಿಲ್ಲ. ರಾತ್ರಿ ಲಾಡ್ಜಿನಲ್ಲಿ ಮಲಗಿ ಯೋಚಿಸಿ, ಎರಡನೇ ದಿನ ಆರಿಸಿ, ಬಂಡಲ್ ಕಟ್ಟಿಸಿ, ಲಾರಿ ಆಫೀಸಿಗೆ ಹಾಕಿ ಬರುವುದು. ಆ ವರ್ಷ ಮೇ ತಿಂಗಳಲ್ಲಿ ಅವನಿಗೆ ಲಕ್ವ ಹೊಡೆಯಿತು. ಬಲಗೈ, ಬಲಗಾಲು ಬಿದ್ದವು. ಮಾತು ಹೆಚ್ಚುಕಡಿಮೆ ನಿಂತೇಹೋಯಿತು.

ಅಂಗಡಿಯ ಗಲ್ಲಾದ ಮೇಲೆ ಮೊದಲಿನಿಂದಲೂ ಕೂರುತ್ತಿದ್ದವಳು ಅವ್ವ. ತಂಬ್ರಹಳ್ಳಿ ಕಡೆಯವರಿಗೆ ಗಾಢ ಬಣ್ಣ, ಕೂಡ್ಲಿಗಿಯ ಮೇಡಂಗಳಿಗೆ ತಿಳಿ ಬಣ್ಣ, ಕೋಗಳಿಯ ಅಜ್ಜಿಯರು ಮೊಮ್ಮಕ್ಕಳಿಗೆ ಎರಡು ವರ್ಷ ದೊಡ್ಡ ಅಳತೆಯದನ್ನೇ ಒಯ್ಯುತ್ತಾರೆ ಎಂಬುದೆಲ್ಲ ಅವಳ ಬಾಯಲ್ಲಿತ್ತು. ಆದರೂ ಜೂನ್‌ನಲ್ಲಿ ಹರಪನಹಳ್ಳಿಯಿಂದ ದೊಡ್ಡಪ್ಪ ಬಂದು ಪಂಚಾಯ್ತಿ ಕೂಡಿಸಿದ. ಜೊತೆಗೆ ಹಗರಿಬೊಮ್ಮನಹಳ್ಳಿಯಲ್ಲಿ ಗೊಬ್ಬರದ ಅಂಗಡಿ ಇಟ್ಟಿದ್ದ ಅಪ್ಪನ ತಮ್ಮ ಶಿವಣ್ಣ ಕಾಕಾ.

“ಅತ್ತಿಗಿ, ಬೆಂಗಳೂರಂದ್ರ ನಮ್ಮ ಸಂತಿ ಅಲ್ಲರಿ,” ಎಂದ ಕಾಕಾ. “ಹೆಣ್ಣುಮಕ್ಕಳು ಹೋಗಿ ಮಾಲು ತರಾದಲ್ಲ. ಅಂಗಡಿ ನನ್ನ ಕೈಯಾಗ ಕೊಡ್ರಿ, ನಾ ನಡಸ್ತೀನಿ. ನೀವು ಮನ್ಯಾಗ ಅಣ್ಣನ್ನ ನೋಡ್ಕೊಳ್ರಿ.”

“ಗೊಬ್ಬರ ಮುಟ್ಟಿದ ಕೈಲೆ ಫ್ರಾಕು ಮುಟ್ತೀಯೇನು?” ಎಂದಳು ಅವ್ವ. “ನಾ ಹೊಕ್ಕೀನಿ. ಸುಮಾ ಅದಾಳ ಜೊತಿಗಿ,” ಎಂದು ನನ್ನ ಭುಜದ ಮೇಲೆ ಕೈಯಿಟ್ಟಳು.

ದೊಡ್ಡಪ್ಪ ಗಡ್ಡ ನೀವಿಕೊಂಡು ತೀರ್ಮಾನ ಹೇಳಿದ: ದೀಪಾವಳಿಯವರೆಗೆ ಅವ್ವನ ಕೈಯಲ್ಲಿ ಇರಲಿ. ಅಷ್ಟರಲ್ಲಿ ಅವಳು ಹಬ್ಬದ ಮಾಲು ಸರಿಯಾಗಿ ತಂದು ಮಾರಿದರೆ ಅಂಗಡಿ ಅವಳದು. ಇಲ್ಲವಾದರೆ ಶಿವಣ್ಣನದು.

ಪಂಚಮಿ ಹಬ್ಬದ ಮಾಲಿಗೆ ಮೊದಲು ಹೊರಟೆವು. ಜುಲೈ ೯, ಸೋಮವಾರ, ಬೆಳಗಿನ ಐದೂ ಮುಕ್ಕಾಲಿಗೆ ಮೆಜೆಸ್ಟಿಕ್‌ನಲ್ಲಿ ಇಳಿದೆವು. ಜಿಟಿಜಿಟಿ ಮಳೆ. ಅಪ್ಪ ಹದಿನೆಂಟು ವರ್ಷ ಇಳಿದುಕೊಳ್ಳುತ್ತಿದ್ದ ಲಾಡ್ಜಿಗೆ ನೇರ ನಡೆದೆವು. ಬಾಗಿಲ ಮೇಲೆ ದಪ್ಪಕ್ಷರದಲ್ಲಿ ಬೋರ್ಡಿತ್ತು: ಫ್ಯಾಮಿಲಿ ಲಾಡ್ಜ್. ಹಿಂದಿನ ವಾರ ನಾನು ಎಸ್‌ಟಿಡಿ ಬೂತಿನಿಂದ ಫೋನು ಮಾಡಿ, ಕೊಟ್ಟೂರು ಶರಣಪ್ಪನವರ ಮನೆಯವರು ಬರುತ್ತೇವೆ ಎಂದು ಹೇಳಿಯೂ ಇದ್ದೆ. “ಅಯ್ಯೋ, ಅವರು ನಮ್ಮ ಹಳೇ ಗಿರಾಕಿ, ಬನ್ನಿ ಬನ್ನಿ,” ಎಂದಿದ್ದ ಮ್ಯಾನೇಜರ್. ಈಗ ಅವನೇ ನಮ್ಮ ಬೆನ್ನ ಹಿಂದೆ ಬಾಗಿಲಾಚೆ ಇಣುಕಿ ನೋಡಿದ.

“ಜೆಂಟ್ಸ್ ಎಲ್ಲಿ?”

“ಅವರಿಗೆ ಆರಾಮಿಲ್ಲರಿ. ನಾವಿಬ್ರ ಬಂದೀವಿ,” ಎಂದಳು ಅವ್ವ.

“ಹಾಗಾದ್ರೆ ಆಗಲ್ಲ ಮೇಡಂ. ಇದು ಫ್ಯಾಮಿಲಿ ಲಾಡ್ಜು.”

“ನಾವು ಏನ್ರಿ ಮತ್ತ? ತಾಯಿ ಮಗಳು ಅದೀವಿ.”

“ಲೇಡೀಸ್ ಮಾತ್ರ ಬಂದ್ರೆ ಕೊಡಲ್ಲ. ರೂಲ್ಸು.”

ಆ ರೂಲ್ಸು ಎಲ್ಲಿ ಬರೆದಿದೆ ಎಂದು ಕೇಳಿದೆ. ಅವನು ಪೇಪರಿನ ಹಾಳೆ ತಿರುವಿ ಹಾಕಿದ. ಅವನ ಹಿಂದಿನ ಹಲಗೆಯಲ್ಲಿ ಬೀಗದ ಕೈಗಳು ತೂಗುತ್ತಿದ್ದವು. ಎಣಿಸಿದೆ, ಹದಿನಾಲ್ಕು.

ನಮ್ಮ ಅವಸರಕ್ಕೆ ಒಂದು ಕಾರಣವಿತ್ತು. ಅವ್ವನ ಕೊರಳಲ್ಲಿ ಇಷ್ಟಲಿಂಗ. ಸ್ನಾನ ಮಾಡಿ ಲಿಂಗಪೂಜೆ ಆಗುವ ತನಕ ಅವಳು ತೊಟ್ಟು ನೀರು ಮುಟ್ಟುವವಳಲ್ಲ. ಬಸ್ ಸ್ಟ್ಯಾಂಡಿನ ಕಕ್ಕಸುಕೋಣೆಯ ಪಕ್ಕದಲ್ಲಿ ಮೈತೊಳೆದು ಲಿಂಗ ಹಿಡಿಯಲು ಅವಳು ಒಪ್ಪಲಿಲ್ಲ. ಎಂಟೂವರೆಯೊಳಗೆ ಗಾಂಧಿನಗರ, ಕಾಟನ್‌ಪೇಟೆ, ಬಳೇಪೇಟೆಗಳಲ್ಲಿ ಹನ್ನೊಂದು ಲಾಡ್ಜು ಹತ್ತಿ ಇಳಿದೆವು. ಅವತ್ತಿನ ಪುಟದಲ್ಲಿ ಹೀಗಿದೆ: ಗಂಡಸರಿಲ್ಲ ಎಂದವರು ಆರು. ರೂಮೇ ಖಾಲಿ ಇಲ್ಲ ಎಂದವರು ನಾಲ್ಕು. ಏನೂ ಹೇಳದೆ ಕೈಯಿಂದ ಹೊರಗೆ ತೋರಿಸಿದವನು ಒಬ್ಬ. ‘ರೂಮಿಲ್ಲ’ ಎಂದ ನಾಲ್ಕರಲ್ಲಿ ಎರಡು ಕಡೆ ನಾವು ಮೆಟ್ಟಿಲಿಳಿಯುವಾಗಲೇ ಸೂಟ್‌ಕೇಸು ಹಿಡಿದ ಗಂಡಸರಿಗೆ ಕೀಲಿ ಕೊಟ್ಟದ್ದನ್ನು ಕಣ್ಣಾರೆ ಕಂಡೆ. ನಮ್ಮ ಜನದ್ದೇ ಛತ್ರವೊಂದಿದೆ ಎಂದು ಯಾರೋ ಹೇಳಿದರು. ಅಲ್ಲಿಗೂ ಹೋದೆವು. ಹಣೆ ತುಂಬ ವಿಭೂತಿ ಬಳಿದುಕೊಂಡ ಗುಮಾಸ್ತ ಅವ್ವನ ಕೊರಳಿನ ಲಿಂಗದ ಕರಡಿಗೆಯನ್ನು ನೋಡಿ ಕೈಮುಗಿದ. ಆಮೇಲೆ “ಯಜಮಾನರು ಬಂದ ಮೇಲೆ ಬನ್ನಿ ತಾಯಿ,” ಎಂದ. ಆ ಹನ್ನೊಂದು ಒಂದು ತೂಕ, ಇದೊಂದೇ ಒಂದು ತೂಕ ಎಂದು ಬರೆದಿದ್ದೇನೆ.

ಯಾರೂ ಬಾಯಿಬಿಟ್ಟು ಹೇಳದ ಮಾತೊಂದಿತ್ತು. ಗಂಡಸಿಲ್ಲದೆ ಲಾಡ್ಜಿಗೆ ಬರುವ ಹೆಂಗಸರು ಎಂಥವರು ಎಂಬ ಮಾತು. ಹನ್ನೆರಡೂ ಕಡೆ ಅದು ಕೌಂಟರಿನ ಆಚೆ ಕುಳಿತು ನಮ್ಮನ್ನು ಮೇಲಿಂದ ಕೆಳಗೆ ನೋಡಿತು. ನನಗಾಗ ಹತ್ತೊಂಬತ್ತು ವರ್ಷ, ಅವ್ವನಿಗೆ ನಲವತ್ತಮೂರು. ಕೈಯಲ್ಲಿ ಕಡಕ್ ರೊಟ್ಟಿಯ ಗಂಟು, ಶೇಂಗಾ ಚಟ್ನಿಯ ಡಬ್ಬಿ. ಎಂಥ ಮೂರ್ಖನೂ ನಮ್ಮನ್ನು ನೋಡಿದರೆ ನಾವು ಯಾರೆಂದು ಹೇಳಬಹುದಿತ್ತು. ಅವರಿಗೆ ಗೊತ್ತಿಲ್ಲದ್ದೇನೂ ಇರಲಿಲ್ಲ. ಗೊತ್ತಿದ್ದೇ ಹೊರಗೆ ಹಾಕಿದರು. ನನ್ನ ಸಿಟ್ಟು ಇರುವುದು ಅದಕ್ಕೆ.

ಅವತ್ತು ತಂಗಲು ಜಾಗವಿಲ್ಲದ್ದರಿಂದ ಕಣ್ಣಿನ ದಿನ, ಕೈಯಿನ ದಿನ ಎರಡೂ ಒಂದೇ ದಿನದಲ್ಲಿ ಮುಗಿಯಬೇಕಾಯಿತು. ನೀರೂ ಇಲ್ಲದ ಅವ್ವ ಚಿಕ್ಕಪೇಟೆಯ ಇಕ್ಕಟ್ಟು ಸಂದಿಗಳಲ್ಲಿ, ಮಳೆಗೆ ಕೊಚ್ಚೆಯಾದ ನೆಲದ ಮೇಲೆ ಸೀರೆ ಎತ್ತಿಹಿಡಿದು ಓಡಾಡಿದಳು. ಸಂಜೆ ನಾಲ್ಕು ಹತ್ತಕ್ಕೆ ಬಳೇಪೇಟೆಯ ಸಣ್ಣದೊಂದು ಈಶ್ವರನ ಗುಡಿಯ ನಲ್ಲಿಯಲ್ಲಿ ಕೈಕಾಲು ಮುಖ ತೊಳೆದು, ಮೂಲೆಯಲ್ಲಿ ಕುಳಿತು ಪೂಜೆ ಮಾಡಿಕೊಂಡು, ಮೊದಲ ಗುಟುಕು ನೀರು ಕುಡಿದಳು. “ಮೈ ತೊಳೀಲಾರದ ಪೂಜಿ ಮಾಡಿದೆ,” ಎಂದು ಆ ಮಳೆಗಾಲವಿಡೀ ಕೊರಗಿದಳು.

ಅವಸರದ ಫಲ ಮೂರನೇ ದಿನ ಲಾರಿಯಿಂದ ಇಳಿಯಿತು. ಟ್ಯೂಬ್‌ಲೈಟಿನ ಬೆಳಕಲ್ಲಿ ನೀಲಿ ಅಂಚು ಎಂದುಕೊಂಡು ತಂದ ನಲವತ್ತು ಲಂಗ ಕೊಟ್ಟೂರಿನ ಬಿಸಿಲಿಗೆ ಹಿಡಿದರೆ ಕಡುಗಪ್ಪು. ನಮ್ಮ ಕಡೆ ಹಬ್ಬಕ್ಕೆ ಹೆಣ್ಣುಕೂಸಿಗೆ ಕಪ್ಪು ಅಂಚು ಯಾರು ಉಡಿಸುತ್ತಾರೆ? ಪಂಚಮಿಗೆ ಮಾರಿದ್ದು ಮೂರು. ಶಿವಣ್ಣ ಕಾಕಾ ಒಂದು ಲಂಗವನ್ನು ಬೆರಳ ತುದಿಯಲ್ಲಿ ಎತ್ತಿ, “ಅತ್ತಿಗಿ, ಇದನ್ನ ಸುಡುಗಾಡಿಗಿ ಉಟಗೊಂಡು ಹೋಗಾಕ ತಂದೀರೇನ್ರಿ?” ಎಂದು ಗಿರಾಕಿಗಳ ಮುಂದೆಯೇ ನಕ್ಕ. ಅವ್ವ ಅದನ್ನು ಅವನ ಕೈಯಿಂದ ತೆಗೆದುಕೊಂಡು ಮಡಚಿಟ್ಟಳು.

ಎರಡನೇ ಸಲಕ್ಕೆ ನಾನು ಪೂರ್ತಿ ಸಿದ್ಧವಾಗಿದ್ದೆ. ಏಳು ಲಾಡ್ಜುಗಳಿಗೆ ಫೋನು ಮಾಡಿ, ಫ್ಯಾಮಿಲಿಗೆ ರೂಮು ಕೊಡುತ್ತೀರಾ, ಬೆಳಿಗ್ಗೆ ಆರಕ್ಕೆ ನಲ್ಲಿಯಲ್ಲಿ ನೀರು ಬರುತ್ತದೆಯೇ, ಬಾಗಿಲಿಗೆ ಒಳಗಿನಿಂದ ಚಿಲಕ ಇದೆಯೇ ಎಂದು ಕೇಳಿ ಗೆರೆ ಎಳೆದು ಬರೆದುಕೊಂಡೆ. ಏಳಕ್ಕೆ ಏಳೂ ಹೌದು ಎಂದವು. ಗುರುತಿಗೆ ಇರಲಿ ಎಂದು ರೇಷನ್ ಕಾರ್ಡು, ಅಂಗಡಿಯ ಲೈಸೆನ್ಸು, ಕಾಲೇಜಿನ ಐಡಿ ಕಾರ್ಡು ಒಂದು ಪ್ಲಾಸ್ಟಿಕ್ ಚೀಲದಲ್ಲಿ ಇಟ್ಟುಕೊಂಡೆ. ಕಾಗದ ಇದ್ದರೆ ಸಾಕು, ಜಗತ್ತು ಒಪ್ಪುತ್ತದೆ ಎಂದು ನಂಬಿದ್ದ ವಯಸ್ಸು.

ಅಕ್ಟೋಬರ್ ೮, ಸೋಮವಾರ. ಅಪ್ಪನ ಲಾಡ್ಜಿನ ಮ್ಯಾನೇಜರ್ ರೇಷನ್ ಕಾರ್ಡನ್ನು ಕನ್ನಡಕ ಹಾಕಿಕೊಂಡು ಓದಿದ. ಅವನ ಮುಖ ಅರಳಿದ್ದನ್ನು ನೋಡಿ ಗೆದ್ದೆ ಎಂದುಕೊಂಡೆ. “ಇಲ್ಲಿದೆ ನೋಡಿ,” ಎಂದು ಬೆರಳಿಟ್ಟು ತೋರಿಸಿದ. “ಕುಟುಂಬದ ಮುಖ್ಯಸ್ಥರು: ಶರಣಪ್ಪ. ಸರಕಾರವೇ ಬರೆದಿದೆ. ಅವರಿಲ್ಲದೆ ಇದು ಫ್ಯಾಮಿಲಿ ಹೇಗಾಗುತ್ತೆ?” ನಾನು ಪುರಾವೆ ಎಂದು ಕೊಟ್ಟ ಕಾಗದವನ್ನೇ ಮಡಚಿ ನನ್ನ ಕೈಗೆ ವಾಪಸು ಇಟ್ಟ.

ಪಟ್ಟಿಯಲ್ಲಿ ಐದನೆಯ ಲಾಡ್ಜಿನವನು ಅಂತೂ ಕೊಟ್ಟ. ನಾಲ್ಕನೇ ಮಹಡಿ, ಕಿಟಕಿಯಿಲ್ಲ, ಬೇಸಿನ್ನಿನಲ್ಲಿ ನುಸಿಗುಳಿಗೆ. ನನಗೆ ಅದು ಅರಮನೆಯ ಹಾಗೆ ಕಂಡಿತು. ಅವ್ವ ತಣ್ಣೀರು ಸುರಿದುಕೊಂಡು, ಒದ್ದೆ ಕೂದಲಲ್ಲೇ ಮಂಚದ ಮಗ್ಗುಲಿಗೆ ಟವೆಲು ಹಾಸಿ ಕುಳಿತು, ಎಡ ಅಂಗೈಯಲ್ಲಿ ಲಿಂಗ ಇಟ್ಟುಕೊಂಡು ಕಣ್ಣು ಮುಚ್ಚಿದ್ದಳು. ಆಗ ಬಾಗಿಲು ಬಡಿದರು. ಒಂದು ಸಲವಲ್ಲ, ಎಣಿಸಿದ್ದೇನೆ, ಇಪ್ಪತ್ತಮೂರು ಏಟು.

“ಓನರ್ ಬಂದಿದ್ದಾರೆ, ಖಾಲಿ ಮಾಡಿ! ಪೊಲೀಸ್ ರೈಡ್ ಆದ್ರೆ ನಮ್ಮ ತಲೆಗೆ ಬರುತ್ತೆ!”

“ಪೂಜೆ ನಡೀತಿದೆ, ಹತ್ತು ನಿಮಿಷ,” ಎಂದೆ ಬಾಗಿಲ ಸಂದಿಯಿಂದ.

“ಎಂಥ ಪೂಜೆ ಅಂತ ನಮಗೂ ಗೊತ್ತು, ತೆಗೀರಿ!” ಎಂದಿತು ಹೊರಗಿನ ಧ್ವನಿ.

ಅವ್ವನಿಗೆ ಅದು ಕೇಳಿಸಿತು. ಕಣ್ಣು ತೆರೆಯಲಿಲ್ಲ. ಪೂಜೆ ಮುಗಿಸಿ, ಲಿಂಗವನ್ನು ಕರಡಿಗೆಗೆ ಸೇರಿಸಿ, ತೀರ್ಥ ತೆಗೆದುಕೊಂಡು, ಅವಳೇ ಹೋಗಿ ಬಾಗಿಲು ತೆಗೆದಳು. ಹೊರಗೆ ಮೂವರು ಗಂಡಸರು. “ಒಳಗ ಬರ್ರಿ, ಮಂಚದ ಕೆಳಗ ನೋಡ್ರಿ,” ಎಂದಳು. “ನೋಡಿ ಆದಮ್ಯಾಗ ನಿಮ್ಮ ಮನ್ಯಾಗ ನಿಮ್ಮವ್ವಗ ಹೇಳ್ರಿ, ಇವತ್ತ ಏನು ಮಾಡಿ ಬಂದೆ ಅಂತ.” ಯಾರೂ ಒಳಗೆ ಬರಲಿಲ್ಲ. ಆದರೆ ನಮ್ಮ ಚೀಲವನ್ನು ಎತ್ತಿ ಮೆಟ್ಟಿಲ ಮೇಲೆ ಇಟ್ಟರು. ರೂಮಿನಲ್ಲಿದ್ದದ್ದು ಐವತ್ತು ನಿಮಿಷ.

ಆ ಸಲವೂ ಒಂದೇ ದಿನ; ಕಪ್ಪಂಚಿನ ಹೆದರಿಕೆಯಿಂದ ಅವ್ವ ಏನನ್ನೂ ಧೈರ್ಯವಾಗಿ ಆರಿಸಲಿಲ್ಲ. ದಸರೆಗೆ ಒಂದೇ ಬಂಡಲ್ ಬಂತು. ಅರ್ಧ ಕಪಾಟು ಖಾಲಿ. ದೀಪಾವಳಿಗೆ ತಿಂಗಳೂ ಉಳಿದಿರಲಿಲ್ಲ. ಕಾಕಾ ಅಂಗಡಿಗೆ ಬಂದು ಕಪಾಟಿನ ಅಗಲವನ್ನು ಗೇಣು ಹಾಕಿ ಅಳೆಯತೊಡಗಿದ್ದ.

ಆಗ ಆ ಯೋಚನೆ ಮಾಡಿದವಳು ನಾನೇ. ರೇಷನ್ ಕಾರ್ಡಿನಲ್ಲಿರುವ ಹೆಸರನ್ನೇ ಒಯ್ದರೆ? ಡಾಕ್ಟರರನ್ನು ಕೇಳಿದೆ, ಕೂತು ಪ್ರಯಾಣ ಮಾಡಬಹುದು ಎಂದರು. ಅಪ್ಪನಿಗೆ ವಿವರಿಸಿ ಹೇಳಿದೆ. ಅವನು ನನ್ನನ್ನೇ ನೋಡಿ, ಆಗಲಿ ಎಂಬಂತೆ ತಲೆಯಾಡಿಸಿದ. ಅವ್ವನಿಗೆ ಅದು ಸೇರಲಿಲ್ಲ. ಬೇರೆ ದಾರಿಯೂ ಅವಳಿಗೆ ಕಾಣಲಿಲ್ಲ.

ಅಕ್ಟೋಬರ್ ೨೯, ಸೋಮವಾರ. ಮಳೆ ಹೊಳವಾಗಿತ್ತು. ಆಟೋದಿಂದ ಅಪ್ಪನನ್ನು ನಾವಿಬ್ಬರೂ ಹೆಗಲುಕೊಟ್ಟು ಇಳಿಸಿ, ಅದೇ ಫ್ಯಾಮಿಲಿ ಲಾಡ್ಜಿನ ಮೆಟ್ಟಿಲು ಹತ್ತಿಸಿದೆವು. ಮ್ಯಾನೇಜರ್ ಕೌಂಟರು ಬಿಟ್ಟು ಓಡಿ ಬಂದ.

“ಓಹೋಹೋ, ಯಜಮಾನ್ರು! ಬನ್ನಿ ಬನ್ನಿ. ಮೊದಲೇ ಹೀಗೆ ಬಂದಿದ್ರೆ ಯಾವ ತೊಂದರೇನೂ ಇರಲಿಲ್ಲ ನೋಡಿ!”

ಕುರ್ಚಿ ತರಿಸಿದ. ರಿಜಿಸ್ಟರು ತೆರೆದು ಪೆನ್ನನ್ನು ಅಪ್ಪನ ಮುಂದೆ ಚಾಚಿದ. ಅಪ್ಪನ ಬಲಗೈ ತೊಡೆಯ ಮೇಲೆ ಸತ್ತ ಹಾಗೆ ಬಿದ್ದಿತ್ತು. “ನಾ ಮಾಡ್ತೀನಿ ಸಹಿ,” ಎಂದು ಅವ್ವ ಕೈ ಮುಂದೆ ಮಾಡಿದಳು. “ಬೇಡ ಮೇಡಂ, ಯಜಮಾನ್ರದ್ದೇ ಆಗಬೇಕು,” ಎಂದು ಅವನು ಇಂಕಿನ ಪ್ಯಾಡು ಹುಡುಕಿ ತಂದು, ಅಪ್ಪನ ಎಡಗೈ ಹೆಬ್ಬೆರಳನ್ನು ತಾನೇ ಹಿಡಿದು ಒತ್ತಿ, ಪುಸ್ತಕಕ್ಕೆ ಒತ್ತಿದ. ಹದಿನೆಂಟು ವರ್ಷ ಅದೇ ಪುಸ್ತಕದಲ್ಲಿ ಉದ್ದಕ್ಕೆ ಸಹಿ ಹಾಕಿದವನು. ಅಪ್ಪ ಗೋಡೆಯ ಕಡೆ ಮುಖ ತಿರುಗಿಸಿದ್ದ. ಕುರ್ಚಿಯ ಸಮೇತ ಅವನನ್ನು ಮೊದಲ ಮಹಡಿಗೆ ಹೊತ್ತೊಯ್ಯಲು ಜನ ಕರೆಯಲು ಮ್ಯಾನೇಜರ್ ಒಳಗೆ ಹೋದಾಗ ನಾನು ರಿಜಿಸ್ಟರಿನ ಹಾಳೆ ಹಿಂದಕ್ಕೆ ತಿರುವಿದೆ. ನಲವತ್ತೊಂದು ಪುಟ ನೋಡುವಷ್ಟು ಸಮಯ ಸಿಕ್ಕಿತು. ಹೆಸರಿನ ಕಾಲಂನಲ್ಲಿ ಹೆಣ್ಣಿನ ಹೆಸರು ಒಂದೂ ಇರಲಿಲ್ಲ. ‘ಜೊತೆಯಲ್ಲಿ ಇರುವವರು’ ಎಂಬ ಕಾಲಂನಲ್ಲಿ ಸಂಖ್ಯೆಗಳು ಮಾತ್ರ ಇದ್ದವು: ೨, ೩, ೧.

ಎರಡು ಕೈ, ಎರಡು ಕಾಲು, ಒಂದು ಬಾಯಿ, ಒಂದು ಅಂಗಡಿಯ ಬುದ್ಧಿ ಇದ್ದ ಹೆಂಗಸಿಗೆ ಎರಡು ಸಲ ಇಲ್ಲವೆಂದ ಬಾಗಿಲು, ನಿಲ್ಲಲಾರದ ಗಂಡಸಿಗೆ ಪೂರ್ತಿ ತೆರೆದುಕೊಂಡಿತ್ತು.

ರೂಮಿನಲ್ಲಿ ಅವ್ವ ಸೆರಗಿನಿಂದ ಅಪ್ಪನ ಹೆಬ್ಬೆರಳಿನ ಇಂಕು ಒರೆಸಿದಳು. ಹೋಗಲಿಲ್ಲ. ಸೋಪು ಹಚ್ಚಿ ತಿಕ್ಕಿದಳು. ಆಗ ನನ್ನ ಕಡೆ ನೋಡಿದಳು. “ಕಾಗದ ನಡೀಲಿಲ್ಲಂತ ನಿಮ್ಮಪ್ಪನ್ನ ಕಾಗದ ಮಾಡಿ ತಂದಿಯಲ್ಲಬೇ.”

“ಬ್ಯಾರೆ ಏನ ಮಾಡಬೇಕಿತ್ತವ್ವಾ?”

“ಏನೂ ಮಾಡಬೇಕಿರಲಿಲ್ಲ. ನೀ ಮಾಡಿದ್ದು ತಪ್ಪಂತ ನಾ ಅನ್ನಾಂಗಿಲ್ಲ. ಹೊಟ್ಟಿ ಉರೀತೈತಿ, ಅಷ್ಟ.”

ಅಪ್ಪನ ಹತ್ತಿರ ಒಬ್ಬರು ಇರಲೇಬೇಕಾದ್ದರಿಂದ ನಾನು ರೂಮಿನಲ್ಲಿ ಉಳಿದೆ. ಸ್ನಾನ, ಪೂಜೆ ಮುಗಿಸಿ ಅವ್ವ ಒಬ್ಬಳೇ ಚಿಕ್ಕಪೇಟೆಗೆ ಹೋದಳು. ಮೊದಲ ದಿನ ಬರಿಗೈಯಲ್ಲೇ ಹೋಗಿ ಬರಿಗೈಯಲ್ಲೇ ಬಂದಳು. ಇಪ್ಪತ್ತಾರು ಅಂಗಡಿ ನೋಡಿದ್ದಳು. ಎರಡನೇ ದಿನ ಪ್ರತಿ ಬಟ್ಟೆಯನ್ನೂ ಬಾಗಿಲಾಚೆಯ ಬಿಸಿಲಿಗೆ ತಂದು ಹಿಡಿದು ನೋಡಿದಳಂತೆ. “ಏನಮ್ಮ, ಬಿಸಿಲಲ್ಲಿ ಒಣಗ್ಸೋಕೆ ಬಂದಿದ್ದೀರಾ?” ಎಂದು ಒಬ್ಬ ಸೇಟು ರೇಗಿಸಿದನಂತೆ. “ಹೂಂ, ಒಣಗಿದ್ದನ್ನ ಒಯ್ತೀನಿ,” ಎಂದಳಂತೆ. ಸಂಜೆ ಐದಕ್ಕೆ ಲಾರಿ ಆಫೀಸಿನ ರಸೀದಿ ತಂದು ಮಂಚದ ಮೇಲಿಟ್ಟಳು. ಐದು ಬಂಡಲ್. ಆ ಎರಡು ದಿನ ಅಪ್ಪ ಹೆಚ್ಚಿನ ಹೊತ್ತು ಫ್ಯಾನು ನೋಡುತ್ತ ಮಲಗಿದ್ದ.

ಮಾಲು ಕೊಟ್ಟೂರಿಗೆ ಬಂದದ್ದು ನವೆಂಬರ್ ೨ಕ್ಕೆ. ಹಬ್ಬಕ್ಕೆ ನಾಲ್ಕು ದಿನ ಇರುವಾಗಲೇ ನಾಲ್ಕು ಬಂಡಲ್ ಖಾಲಿಯಾಗಿತ್ತು. ಹಲವಾಗಲಿನಿಂದ ಬಂದ ಹೆಂಗಸರು, ಇಂಥ ಗುಲಾಬಿ ಬಣ್ಣ ಹಡಗಲಿಯಲ್ಲೂ ಸಿಗಲಿಲ್ಲ ಎಂದು ಹೇಳಿಕೊಂಡು ಒಯ್ದರು. ಆ ಗದ್ದಲದ ನಡುವೆಯೇ ದೊಡ್ಡಪ್ಪ, ಶಿವಣ್ಣ ಕಾಕಾ ಬಂದು ಬೆಂಚಿನ ಮೇಲೆ ಕುಳಿತರು. ಅಪ್ಪನನ್ನು ನಾವು ಗಲ್ಲಾದ ಪಕ್ಕದ ಕುರ್ಚಿಯಲ್ಲಿ ಕೂರಿಸಿದ್ದೆವು.

ದೊಡ್ಡಪ್ಪ ಖಾಲಿಯಾಗುತ್ತಿದ್ದ ಕಪಾಟನ್ನು ನೋಡಿ ತೃಪ್ತಿಯಿಂದ ತಲೆದೂಗಿದ. “ನೋಡ್ರಪ್ಪಾ, ಶರಣಪ್ಪ ಈ ಸ್ಥಿತಿಯಾಗೂ ಹೋಗಿ ಎಂಥ ಮಾಲು ತಂದ! ಗಂಡಸು ಕಾಲಿಟ್ರೆ ವ್ಯಾಪಾರದ ಕಳೆನೇ ಬೇರೆ.”

“ಅದಕ್ಕ ಹೇಳಾದು,” ಎಂದ ಕಾಕಾ. “ಪ್ರತಿ ಸಲ ಅಣ್ಣನ್ನ ಹೊತಗೊಂಡು ಹೋಗಾಕ ಆಕ್ಕೈತೇನು? ಮುಂದಿನ ಸಲ ಅಣ್ಣನ ಬದ್ಲಿ ನಾ ಹೊಕ್ಕೀನಿ. ಅಂಗಡಿ ಹೆಸರೂ ಹಂಗ ನನ್ನ ಕಡೆ ಮಾಡಿಬಿಡ್ರಿ.”

ನಾನು ಅಳತೆ ಟೇಪು ಕೆಳಗಿಟ್ಟೆ. ಇಪ್ಪತ್ತಾರು ಅಂಗಡಿ, ಎರಡು ದಿನದ ಬಿಸಿಲು, ಸೇಟುಗಳ ಬಾಯಿ, ಎಲ್ಲವನ್ನೂ ಇವರು ಒಂದು ಮಾತಿನಲ್ಲಿ ಎತ್ತಿ ಅಪ್ಪನ ತೊಡೆಯ ಮೇಲೆ ಇಟ್ಟುಬಿಟ್ಟಿದ್ದರು. ಬಾಯಿ ತೆರೆಯುವಷ್ಟರಲ್ಲಿ ಗಲ್ಲಾಪೆಟ್ಟಿಗೆಯ ಮೇಲೆ ಟಪ್ ಟಪ್ ಎಂದು ಸದ್ದಾಯಿತು. ಅಪ್ಪ ಎಡಗೈಯಿಂದ ಬಡಿಯುತ್ತಿದ್ದ.

“ನಾ...” ಎಂದ. ಬಾಯಿ ಸೊಟ್ಟಗಾಗಿ ಜೊಲ್ಲು ಇಳಿಯಿತು. ಅವ್ವ ಒರೆಸಲು ಹೋದರೆ ಕೈ ತಳ್ಳಿದ. “ನಾ... ರೂಮಿನ್ಯಾಗ... ಮಲಗಿದ್ನಿ.” ಉಸಿರು ತೆಗೆದುಕೊಂಡು ಅವ್ವನ ಕಡೆ ಕೈ ಚಾಚಿದ. “ಆಕಿ.”

ಮೇ ತಿಂಗಳಿಂದ ಅವನ ಬಾಯಿಂದ ಅಷ್ಟು ಮಾತು ಒಟ್ಟಿಗೆ ಬಂದಿರಲಿಲ್ಲ. ದೊಡ್ಡಪ್ಪ ಬೆಂಚಿನಿಂದ ಎದ್ದು ಚಪ್ಪಲಿ ಹುಡುಕತೊಡಗಿದ. ಕಾಕಾ ಮಾತ್ರ ಸೋಲಲು ಒಪ್ಪದೆ, “ಅದು ಆತು ಬಿಡ್ರಿ ಅತ್ತಿಗಿ. ಸಂಕ್ರಾಂತಿಗಿ ಅಣ್ಣ ಬರಾಂಗಿಲ್ಲ. ಲಾಡ್ಜಿನವ ರೂಮು ಕೊಡಲಿಲ್ಲಂದ್ರ ಏನು ಮಾಡ್ತೀರಿ?” ಎಂದ.

ಅವ್ವ ಒಂದು ಫ್ರಾಕನ್ನು ಬಿಸಿಲಿಗೆ ಹಿಡಿದು ಗಿರಾಕಿಗೆ ಬಣ್ಣ ತೋರಿಸುತ್ತಿದ್ದಳು. ತಿರುಗಿ ನೋಡಲಿಲ್ಲ.

“ಅವನ ಬಾಗಿಲಾಗ ಕುಂತು ಲಿಂಗ ಹಿಡೀತೀನಿ,” ಎಂದಳು. “ಅವನ ಗಿರಾಕಿಗಳು ನನ್ನ ದಾಟಿ ಒಳಗ ಹೋಗ್ಲಿ, ನೋಡೋಣು.”